ಅದು ಕರು ಅಲ್ಲ, ಮಣಕ

ಸಂಪಾದಕರೇ,

ನಮಸ್ಕಾರ. ಮೊನ್ನೆ ನಿಮ್ಮ ಪತ್ರಿಕೆಯ ದನದ ಸಂತೆ ಸುದ್ದಿಯಲ್ಲಿ ಎಳೆ ದನಕ್ಕೆಲ್ಲ ‘ಕರು’ ಅಂತಲೇ ಬರೆದಿದ್ದೀರಿ. ಕರುತನ ದಾಟಿದ, ಇನ್ನೂ ಈಯದ ಆಕಳು ಅಥವಾ ಎಮ್ಮೆಗೆ ನಮ್ಮ ಕಡೆ ಮಣಕ ಅಂತೀವಿ. ಸಣ್ಣ ಮಾತು ಅನ್ನಿಸಬಹುದು. ಆದರೆ ಇದೇ ಒಂದು ಪದದಿಂದ ಹೋದ ವರ್ಷ ನಮ್ಮ ಕಾಕಾ ಪೇಚಿಗೆ ಸಿಕ್ಕಿದ್ದರು.

ದನದ ವಿಮೆ ಮಾಡಿಸಲು ಹೋಗಿದ್ದೆವು. ಫಾರ್ಮಿನಲ್ಲಿ ಮೂರೇ ಕಲಂ: ಕರು, ಕಡಸು, ಹಸು. ‘ಕಡಸು ಅಂದ್ರ ಏನಪಾ, ಗಡಸ ಆಕಳೇನು?’ ಅಂತ ಕಾಕಾ ಕೇಳಿದರು. ಅಲ್ಲಿದ್ದ ಹುಡುಗನಿಗೂ ಗೊತ್ತಿಲ್ಲ. ‘ನಿಮ್ದು ಈದೈತೇನ್ರಿ?’ ‘ಇಲ್ಲಪಾ, ಮಣಕ ಐತಿ. ಗಬ್ಬ ಐತಿ.’ ಈದಿಲ್ಲ ಅಂದಮೇಲೆ ಕರುವೇ ಅಂತ ಅವನು ಗುರುತು ಹಾಕಿಬಿಟ್ಟ. ಏಳು ತಿಂಗಳ ಗಬ್ಬದ ಮಣಕ ಕಾಗದದ ಮೇಲೆ ಹಾಲು ಕುಡಿಯುವ ಕರು ಆಯಿತು, ಬೆಲೆಯೂ ಹಾಗೇ ಇಳಿಯಿತು. ತಿದ್ದಿಸಲು ಎರಡು ಸಲ ಓಡಾಡಿದೆವು.

ದಕ್ಷಿಣದವರ ಕಡಸು ಅಂದರೆ ನಮ್ಮ ಮಣಕವೇ. ಕೆಲವು ಕಡೆ ಇದಕ್ಕೆ ಪಡ್ಡೆ ಅಂತಲೂ ಹೇಳುತ್ತಾರೆ. ನಿಮ್ಮ ಸಿನಿಮಾ ಪುಟದ ‘ಪಡ್ಡೆ ಹುಡುಗರು’ ಬಂದದ್ದು ಇದೇ ಕೊಟ್ಟಿಗೆಯಿಂದ ಅಂತಾರೆ. ಹೆಣ್ಣು ದನದ ಹೆಸರು ಗಂಡು ಹುಡುಗರಿಗೆ ಅಂಟಿಕೊಂಡಿದೆ, ಮಜಾ ಅಲ್ವಾ?

ಕರು ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಹಳಗನ್ನಡದಲ್ಲಿ ಅದು ‘ಕಱು’, ಆ ‘ಱ’ ಅಕ್ಷರವೇ ಈಗ ಬಳಕೆಯಲ್ಲಿಲ್ಲ. ತಮಿಳಿನ ಕನ್ರು, ತುಳುವಿನ ಕಂಜಿ ಇದರ ಬಳಗದವು, ಮಕ್ಕಳನ್ನು ಮುದ್ದಿನಿಂದ ಕರೆಯುವ ನಮ್ಮ ‘ಕಂದ’ ಕೂಡ. ತಮಿಳರು ಎಳೆ ಸಸಿಗೂ ಕನ್ರು ಅನ್ನುತ್ತಾರೆ. ನಾವು ಮಾತಿನಲ್ಲಿ ಕರ ಅಂತೀವಿ. ಗಂಡಾದರೆ ಹೋರಿಗರ, ಹೆಣ್ಣಾದರೆ ಹೆಣ್ಣಗರ.

ಸಂತೆಯಲ್ಲಿ ಇಷ್ಟಕ್ಕೆ ವ್ಯಾಪಾರ ಕುದುರುವುದಿಲ್ಲ. ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಸಂಕ್ರಾಂತಿ ಹೊತ್ತಿಗೆ ಹೋಗಿ ನೋಡಿ. ಕೊಳ್ಳುವವ ಖಿಲಾರಿ ತಳಿಯ ಹೋರಿಯ ಮೂಗು ಹಿಡಿದು, ಹೆಬ್ಬೆರಳಿನಿಂದ ಕೆಳದುಟಿ ಸರಿಸಿ, ವಯಸ್ಸು ತಿಳಿಯಲು ಹಲ್ಲು ಎಣಿಸುತ್ತಾನೆ. ಮೇಲೆ ಮುಂದಿನ ಹಲ್ಲೇ ಇರುವುದಿಲ್ಲ, ಲೆಕ್ಕವೆಲ್ಲ ಕೆಳಗಿನ 8 ಹಲ್ಲಿನದು. ಎರಡು ವರ್ಷದ ಆಸುಪಾಸಿನಲ್ಲಿ ನಡುವಿನ ಹಾಲುಹಲ್ಲು ಬಿದ್ದು ದೊಡ್ಡವು ಬಂದರೆ ಅದು ಎರಡು ಹಲ್ಲಿನದು. ಆಮೇಲೆ ನಾಲ್ಕು, ಆರು. ಎಂಟೂ ಬಂದರೆ ಬಾಯಿ ಕೂಡಿತು ಅಂತ. ಇಷ್ಟೆಲ್ಲ ನೋಡಿ ರೇಟು ಹೇಳುವವನ ಮುಂದೆ ಸುಮ್ನೆ ‘ಕರು’ ಅಂದರೆ ನಕ್ಕುಬಿಡುತ್ತಾನೆ.

ಮುಂದಿನ ಸಲ ಮಣಕವನ್ನು ಮಣಕ ಅಂತಲೇ ಬರೆಯಿರಿ. ಬೆಂಗಳೂರಿನ ಓದುಗರಿಗೆ ತಿಳಿಯದಿದ್ದರೆ ಪಕ್ಕದಲ್ಲಿ ಕಡಸು ಅಂತ ಹಾಕಿ, ಜಾಗ ಜಾಸ್ತಿ ಏನೂ ಹಿಡಿಯುವುದಿಲ್ಲ. ಫಾರ್ಮು ಮಾಡುವವರಿಗೂ ಇದೇ ಮಾತು.

ಅಂದಹಾಗೆ ಕಾಕಾನ ಮಣಕ ಈದು ಹೋರಿಗರ ಹಾಕಿದೆ. ಅದನ್ನು ಮಾತ್ರ ಧಾರಾಳವಾಗಿ ಕರು ಅನ್ನಿ.

— ಒಬ್ಬ ಓದುಗ, ಜಮಖಂಡಿ, ಬಾಗಲಕೋಟೆ ಜಿಲ್ಲೆ