ಪರದೆಗೆ ಹೊಡೆಸಿದ ಬೆಂಕಿನಿರೋಧಕ ಎಷ್ಟು ದಿನ?

ಮಾನ್ಯರೇ,

ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಸಭಾಭವನ, ಶಾಮಿಯಾನದ ಮಾಲೀಕರು ಗಮನಿಸಬೇಕು. ಹತ್ತಿ ಪರದೆಗೆ ಸಿಂಪಡಿಸುವ ಬೋರಾಕ್ಸ್, ಬೋರಿಕ್ ಆಮ್ಲದ ಮಿಶ್ರಣ ನೀರಿನಲ್ಲಿ ಕರಗುವಂಥದ್ದು. ಒಮ್ಮೆ ಒಗೆದರೆ, ಆಟಿಯ ಮಳೆಗೆ ನೆನೆದರೆ ಹೋಯಿತು, ಮತ್ತೆ ಹೊಡೆಸಲೇಬೇಕು. ಹೊಡೆದವರು ಕೊಟ್ಟ, ಚೌಕಟ್ಟು ಹಾಕಿ ಗೋಡೆಗೆ ತೂಗಿಸಿದ ಪ್ರಮಾಣಪತ್ರ ಬೆಂಕಿ ತಡೆಯದು! ಪಾಲಿಯೆಸ್ಟರಿಗೆ ಈ ಮಿಶ್ರಣ ಸರಿಯಾಗಿ ಹಿಡಿಯುವುದಿಲ್ಲ. ನೂಲಿನಲ್ಲೇ ನಿರೋಧಕ ಗುಣವಿರುವ ಬಟ್ಟೆ ಕೊಳ್ಳುವುದೇ ಲೇಸು. ಪ್ರಮಾಣಪತ್ರದಲ್ಲಿ ಬಟ್ಟೆಯ ಬಗೆ, ರಾಸಾಯನಿಕದ ಹೆಸರು, ದಿನಾಂಕ, ಅವಧಿ ಬರೆಸಿಕೊಳ್ಳಿ.

ಬಟ್ಟೆ ಪೂರ್ತಿ ಒಣಗಿದ ಮೇಲೆ ಅಂಚಿನಿಂದ ಒಂದೂವರೆ ಇಂಚು ಅಗಲ, ನಾಲ್ಕು ಇಂಚು ಉದ್ದದ ತುಂಡು ಕತ್ತರಿಸಿ. ಅಂಗಳದಲ್ಲಿ, ಪಕ್ಕದಲ್ಲೊಂದು ಬಾಲ್ದಿ ನೀರಿಟ್ಟು, ಇಕ್ಕಳದಲ್ಲಿ ನೇರ ಇಳಿಬಿಟ್ಟು ಕೆಳತುದಿಗೆ 12 ಸೆಕೆಂಡ್ ಕಡ್ಡಿಯ ಜ್ವಾಲೆ ಹಿಡಿಯಿರಿ. ಕಡ್ಡಿ ತೆಗೆದ ಮೇಲೂ ಎರಡು ಸೆಕೆಂಡಿಗಿಂತ ಹೆಚ್ಚು ಉರಿದರೆ, ಉರಿಯುವ ಹನಿ ತೊಟ್ಟಿಕ್ಕಿದರೆ, ಕೆಲಸ ಮುಗಿದಿಲ್ಲವೆಂದೇ ಲೆಕ್ಕ; ಬಾಕಿ ಹಣ ಕೊಡಬೇಡಿ.

– ಅಗ್ನಿ ಸುರಕ್ಷತಾ ಕೆಲಸಗಾರರು, ಕಾಸರಗೋಡು