ತಮ್ಮನ ಕೆಲಸದ ವಿಚಾರ

ಡಬ್ಲಿನ್

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ತೀರ್ಥಹಳ್ಳಿ ಕಡೆ ಮಳೆ ಜೋರು ಎಂದು ಅಮ್ಮ ಹೇಳಿದಳು. ಸ್ವಲ್ಪ ಹೊಳವಾಗಿ ಎರಡನೇ ಔಷಧಿ ಹೊಡೆದು ಮುಗಿಯಿತಾ? ಈ ವರ್ಷ ಅಡಿಕೆಗೆ ಕೊಳೆ ಬರದಿದ್ದರೆ ಸಾಕು.

ಮೊನ್ನೆ ಫೋನಿನಲ್ಲಿ ನೀವು "ನಿನ್ನ ಕಂಪನಿಯಲ್ಲಿ ಒಂದು ಮಾತು ಹೇಳಿ ತಮ್ಮನನ್ನು ಸೇರಿಸು" ಅಂದಿರಿ. ಆಗ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನೀವು ಹೇಳಿದ್ದಕ್ಕೆ ಇಲ್ಲಿ ರೆಫರಲ್ ಅನ್ನುತ್ತಾರೆ, ಕಂಪನಿಯ ಒಳಗಿನವರು ಒಬ್ಬರ ಹೆಸರು ಸೂಚಿಸುವುದು. ಅದು ವಶೀಲಿ ಅಲ್ಲ ಅಪ್ಪ. ಹೊಸ ಕೊನೆಗಾರನನ್ನು ಕರೆಯುವ ಮೊದಲು ನೀವು ಪಕ್ಕದ ತೋಟದವರನ್ನು ವಿಚಾರಿಸುತ್ತೀರಿ ಅಲ್ವಾ? ಅವರು ಒಳ್ಳೆಯವನು ಅಂದರೆ ಕರೆಸುತ್ತೀರಿ. ಮರ ಹತ್ತಿ ಕೊನೆ ಇಳಿಸಬೇಕಾದವನು ಮಾತ್ರ ಅವನೇ. ಇಲ್ಲೂ ಹಾಗೇ. ಕಂಪನಿಯ ಪೋರ್ಟಲ್‌ನಲ್ಲಿ ನಾನು ಅವನ ರೆಸ್ಯೂಮೆ ಹಾಕಬಹುದು, ತಮ್ಮ ಎಂದು ಮುಚ್ಚಿಡದೆ ನಾಲ್ಕು ಸಾಲು ಬರೆಯಬಹುದು. ರಾಶಿ ಅರ್ಜಿಗಳ ನಡುವೆ ಅದನ್ನು ತೆರೆದು ನೋಡುವ ಸಾಧ್ಯತೆ ಜಾಸ್ತಿ. ಇಂಟರ್‌ವ್ಯೂ ಅವನೇ ಗೆಲ್ಲಬೇಕು. ಸದ್ಯಕ್ಕೆ ನಮ್ಮಲ್ಲಿ ಅವನಿಗೆ ಹೊಂದುವ ಹುದ್ದೆಯೂ ಖಾಲಿ ಇಲ್ಲ.

ಹಾಗಾಗಿ ನನ್ನೊಬ್ಬಳನ್ನೇ ನಂಬಿ ಕೂರುವುದು ಬೇಡ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ಬರೆದಿದ್ದಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದರು. ಪದೇ ಪದೇ ಭೇಟಿಯಾಗುವವರಿಂದ ಸುದ್ದಿ ಸಿಕ್ಕಿದ್ದು ನೂರಕ್ಕೆ ಸುಮಾರು 17 ಜನರಿಗೆ ಮಾತ್ರ. ಉಳಿದವರಿಗೆಲ್ಲ ಯಾವಾಗಲಾದರೊಮ್ಮೆ ಇಲ್ಲವೇ ತೀರಾ ಅಪರೂಪಕ್ಕೆ ಸಿಗುವವರಿಂದ. ನಮ್ಮ ಹತ್ತಿರದವರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ನನಗೂ ಈ ಕೆಲಸದ ದಾರಿ ತೋರಿಸಿದ್ದು ಸಾಗರದ ಕಡೆಯ ಒಬ್ಬ ಸೀನಿಯರ್. ಕಾಲೇಜಿನಲ್ಲಿ ಅವರ ಜೊತೆ ಎರಡು ಸಲ ಮಾತಾಡಿದ್ದೆ, ಅಷ್ಟೇ.

ಮುಂದಿನದನ್ನು ತಮ್ಮನಿಗೆ ಓದಿ ಹೇಳಿ. ಲಿಂಕ್ಡ್‌ಇನ್‌ನಲ್ಲಿ ಶಿವಮೊಗ್ಗದ ತನ್ನ ಕಾಲೇಜಿನವರನ್ನು ಹುಡುಕಲಿ. ಸುಮ್ನೆ "ಹಾಯ್, ರೆಫರ್ ಮಾಡಿ" ಎಂದು ಎಲ್ಲರಿಗೂ ಕಳಿಸಬಾರದು. ನನಗೂ ಅಂಥವು ಬರುತ್ತವೆ. ಯಾವ ಹುದ್ದೆ, ಏನು ಓದಿದ್ದಾರೆ, ಒಂದೂ ತಿಳಿಯುವುದಿಲ್ಲ. ಪಾಪ ಅನ್ನಿಸಿದರೂ ಏನೂ ಮಾಡಲಾಗುವುದಿಲ್ಲ. ಹೀಗೆ ಬರೆಯಲಿ: "ಸರ್, ನಾನು ನಿಮ್ಮದೇ ಕಾಲೇಜಿನವನು. ಎರಡು ವರ್ಷ ಟೆಸ್ಟಿಂಗ್ ಮಾಡಿದ್ದೇನೆ. ನಿಮ್ಮ ಕಂಪನಿಯ ಈ ಹುದ್ದೆಯ ಬಗ್ಗೆ ಹತ್ತು ನಿಮಿಷ ಮಾತಾಡಬಹುದಾ?" ಜೊತೆಗೆ ಹುದ್ದೆಯ ಲಿಂಕ್ ಇರಲಿ. ಅವರು ಒಪ್ಪುವ ಮೊದಲೇ ತಾನಾಗಿ ಅರ್ಜಿ ಹಾಕುವುದು ಬೇಡ. ಹಾಕಿಬಿಟ್ಟರೆ ಎಷ್ಟೋ ಕಂಪನಿಗಳಲ್ಲಿ ಆಮೇಲೆ ರೆಫರ್ ಮಾಡಲು ಬರುವುದಿಲ್ಲ. ಕೆಲಸ ಆಗಲಿ ಬಿಡಲಿ, ಸಹಾಯ ಮಾಡಿದವರಿಗೆ ತಿಳಿಸಲಿ.

ಭಾನುವಾರದೊಳಗೆ ರೆಸ್ಯೂಮೆ ನನಗೆ ಕಳಿಸಲಿ. ಒಂದೊಂದು ಸಾಲೂ ಓದಿ ತಿದ್ದುತ್ತೇನೆ. ಅಲ್ಲಿಯವರೆಗೆ ಅವನ ಮೇಲೆ ರೇಗಬೇಡಿ ಅಪ್ಪ. ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ನನ್ನ ಹತ್ತಿರ ಹೇಳಿದ್ದಾನೆ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು