ಈ ಸಲ 23ನೇ ಕೀರ್ತನೆ ಅಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಕೊಡೆ ಇನ್ನೂ ನಮ್ಮ ಹತ್ತಿರವೇ ಇದೆ. ಅದರ ಮಾತು ಕೊನೆಗೆ.

ನಾನೂ ನನ್ನ ಹೆಂಡತಿಯೂ ಮತ್ತೆ ಚರ್ಚಿಗೆ ಹೋಗುತ್ತಿದ್ದೇವೆ. ಬಿಟ್ಟದ್ದು ಜಗಳ ಮಾಡಿಕೊಂಡಲ್ಲ, ನಿನಗೆ ಗೊತ್ತಲ್ಲ. ಮದುವೆಯಾದ ಹೊಸತು. ಒಂದು ಭಾನುವಾರ ನಿದ್ದೆ, ಇನ್ನೊಂದು ಭಾನುವಾರ ಕೆಲಸ. ಹಾಗೇ ಒಂಬತ್ತು ವರ್ಷ ಕಳೆದುಹೋಯಿತು.

ಒಂದು ರಾತ್ರಿ ನನಗೆ ಎಚ್ಚರವಾಯಿತು. ಅವಳು ಗೋಡೆ ಕಡೆ ತಿರುಗಿ ತುಟಿ ಮಾತ್ರ ಆಡಿಸುತ್ತಿದ್ದಳು. 'ಏನು?' ಅಂದೆ. 'ಏನಿಲ್ಲ, ಸುಮ್ನೆ ಲೆಕ್ಕ ಹಾಕ್ತಿದ್ದೆ' ಅಂದಳು. ನಾನೂ ತಿಂಗಳುಗಳಿಂದ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅದೇ ಲೆಕ್ಕ ಹಾಕುತ್ತಿದ್ದೆ. ಕತ್ತಲಲ್ಲೇ ಹೇಳಿಬಿಟ್ಟೆ. ಇಷ್ಟು ವರ್ಷ ಜೊತೆಗಿದ್ದವರಿಗೆ ಒಬ್ಬರ ಮುಂದೆ ಒಬ್ಬರು ಪ್ರಾರ್ಥನೆ ಮಾಡೋಕೆ ನಾಚಿಕೆಯಾಗಿತ್ತು. ಆ ರಾತ್ರಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಒಟ್ಟಿಗೆ ಹೇಳಿದೆವು. ಕ್ಷಮೆ ಕೇಳುವ ಸಾಲಿನಲ್ಲಿ ನನಗೆ ಮರೆತುಹೋಯಿತು. ಅವಳು ಎತ್ತಿಕೊಟ್ಟಳು.

ಚರ್ಚ್ ಸಿಗೋದು ಸುಲಭ ಇರಲಿಲ್ಲ. ಮೊದಲನೆಯದರಲ್ಲಿ ಸ್ಪೀಕರ್ ಸದ್ದಿಗೆ ಅವಳಿಗೆ ತಲೆನೋವು. ಎರಡನೆಯದರಲ್ಲಿ ಮೂರು ವಾರವಾದರೂ ಯಾರೂ ಮಾತಾಡಿಸಲಿಲ್ಲ. ಈಗ ಹೋಗುವ ಕಡೆ, ತಡವಾಗಿ ಬಂದ ನಮ್ಮನ್ನು ನೋಡಿ ಒಬ್ಬ ಅಜ್ಜಿ ಬೆಂಚಿನ ಮೇಲಿದ್ದ ಚೀಲವನ್ನು ಮಡಿಲಿಗೆ ತೆಗೆದುಕೊಂಡರು. ಆಮೇಲೆ ತಮ್ಮ ಹಾಡಿನ ಪುಸ್ತಕವನ್ನು ನಮ್ಮ ಕಡೆ ವಾಲಿಸಿ ಹಿಡಿದರು. ಅಷ್ಟೇ.

ಅಲ್ಲಿ ವಿಶ್ವಾಸ ಪ್ರಮಾಣವನ್ನು, ಅಂದರೆ ಎಲ್ಲರೂ ಒಟ್ಟಿಗೆ ತಮ್ಮ ನಂಬಿಕೆ ಏನು ಅಂತ ಹೇಳುವ ಸಾಲುಗಳನ್ನು, 'ನಾವು ನಂಬುತ್ತೇವೆ' ಅಂತ ಶುರು ಮಾಡುತ್ತಾರೆ. 325ರಲ್ಲಿ ನಿಸೇಯ ಅನ್ನುವ ಊರಲ್ಲಿ ಸಭೆ ಸೇರಿ ಅದನ್ನು ಮೊದಲು ಬರೆದ ಬಿಷಪರು ಬರೆದದ್ದೂ 'ನಾವು' ಅಂತಲೇ. ನನಗೆ ಆ 'ನಾವು' ಬೇಕಿತ್ತು. 'ನಾನು' ಅನ್ನೋಕೆ ಹೋದರೆ ಇನ್ನೂ ಗಂಟಲು ಕಟ್ಟುತ್ತೆ. 'ನಾವು' ಅಂದಾಗ ಅವಳ ದನಿ ಇರುತ್ತೆ, ಅಜ್ಜಿಯ ದನಿ ಇರುತ್ತೆ, ನನ್ನದೂ ಅದರೊಳಗೆ ಸೇರಿಕೊಳ್ಳುತ್ತೆ.

ಇನ್ನು ಮುಂದಿನದನ್ನು ಬರೆಯಬಾರದು ಅಂದುಕೊಂಡಿದ್ದೆ. ಬೇರೆಯವರೂ ಓದುತ್ತಾರೆ, ಓದಲಿ.

ಅಮ್ಮ ಪ್ರತಿ ಭಾನುವಾರ ಸಂಜೆ ಫೋನ್ ಮಾಡುತ್ತಾರೆ. 'ಚರ್ಚಿಗೆ ಹೋಗಿದ್ರಾ? ಏನು ಓದಿದ್ರು?' ಒಂಬತ್ತು ವರ್ಷ ನಾನು 'ಹೂಂ' ಅಂದೆ. ಹೆಚ್ಚಿನ ಸಲ '23ನೇ ಕೀರ್ತನೆ' ಅಂದೆ. ಬೈಬಲ್ಲಿನಲ್ಲಿ ನನಗೆ ಬಾಯಿಗೆ ಬರುತ್ತಿದ್ದದ್ದು ಅದೊಂದೇ. 'ಒಳ್ಳೇ ಭಾಗ' ಅಂತ ಹೇಳಿ ಅಮ್ಮ ಫೋನ್ ಇಡುತ್ತಿದ್ದರು.

ಕಳೆದ ಭಾನುವಾರ ಚರ್ಚಲ್ಲಿ ಲೂಕ 24, ಅಂದರೆ ಬೈಬಲ್ಲಿನ ಲೂಕನ ಸುವಾರ್ತೆಯ 24ನೇ ಅಧ್ಯಾಯ ಓದಿದರು. ಯೇಸು ಶಿಲುಬೆಯಲ್ಲಿ ಸತ್ತ ಮೇಲೆ ಯೆರೂಸಲೇಮಿಗೆ ಬೆನ್ನು ಹಾಕಿ ಎಮ್ಮಾಹು ಅನ್ನುವ ಊರಿಗೆ ಹೊರಟ ಇಬ್ಬರು ಶಿಷ್ಯರ ಕಥೆ. ಸುಮಾರು 11 ಕಿಲೋಮೀಟರ್ ದಾರಿ. ಒಬ್ಬನ ಹೆಸರು ಕ್ಲೆಯೊಫ, ಇನ್ನೊಬ್ಬರ ಹೆಸರೇ ಇಲ್ಲ. ಅದು ಅವನ ಹೆಂಡತಿ ಇರಬಹುದು ಅನ್ನುವವರಿದ್ದಾರೆ. ಅದನ್ನು ಕೇಳಿ ಅವಳು ನನ್ನ ಕೈ ಹಿಡಿದುಕೊಂಡಳು. ಮತ್ತೆ ಜೀವಂತವಾಗಿ ಎದ್ದ ಯೇಸು ಜೊತೆಗೇ ನಡೆಯುತ್ತಿದ್ದರೂ ಅವರಿಗೆ ಗುರುತು ಸಿಗೋದಿಲ್ಲ. ವಾಪಸ್ ಹೋಗಿ ಅಂತ ಆತನು ಒಂದು ಸಲವೂ ಹೇಳುವುದಿಲ್ಲ. ರೊಟ್ಟಿ ಮುರಿದಾಗ ಗುರುತು ಹತ್ತುತ್ತೆ. ಆಗ ಅವರು ತಾವಾಗಿಯೇ ಎದ್ದು, ಅಷ್ಟು ಹೊತ್ತಾಗಿದ್ದರೂ, ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾರೆ.

ಸಂಜೆ ಅಮ್ಮ ಕೇಳಿದಾಗ 'ಲೂಕ 24' ಅಂದೆ. ಆ ಕಡೆ ಸದ್ದಿಲ್ಲ. ಲೈನ್ ಕಟ್ ಆಯ್ತಾ ಅಂತ ಫೋನ್ ನೋಡಿದೆ, ಸೆಕೆಂಡುಗಳು ಓಡುತ್ತಲೇ ಇದ್ದವು. ಆಮೇಲೆ ಮೆಲ್ಲಗೆ ಕೇಳಿದರು, 'ಎಷ್ಟನೇ ವಚನದಿಂದ?'

ಒಂಬತ್ತು ವರ್ಷದಲ್ಲಿ ಅಮ್ಮ ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಅವರಿಗೆ ಗೊತ್ತಿತ್ತು ಕಣೋ. ಗೊತ್ತಿದ್ದೂ ಒಂದು ಭಾನುವಾರವೂ ತಪ್ಪಿಸದೆ ಫೋನ್ ಮಾಡಿದರು. '13ರಿಂದ' ಅಂದೆ, ಮುಂದೆ ಮಾತು ಬರಲಿಲ್ಲ. ಅವಳೇ ಫೋನ್ ತಗೊಂಡು ಮಾತಾಡಿದಳು. ಕ್ಷಮೆ ಇನ್ನೂ ಕೇಳಿಲ್ಲ. ಅದನ್ನು ಎದುರಿಗೆ ಕೂತೇ ಕೇಳಬೇಕು ಅಲ್ವಾ? ಮುಂದಿನ ತಿಂಗಳು ಹೋಗುತ್ತಿದ್ದೇವೆ.

ಸಾಕು, ಜಾಸ್ತಿ ಆಯಿತು. ಕೊಡೆ ಬೇಕಿದ್ದರೆ ಭಾನುವಾರ ನೀನೇ ಬಾ. ನಾಲ್ಕನೇ ಬೆಂಚು, ಎಡಗಡೆ. ಅಜ್ಜಿ ಚೀಲ ತೆಗೆಯುತ್ತಾರೆ. ಗಣಿತದ ಮೇಷ್ಟ್ರನ್ನು ಮಾತ್ರ ಕರೆದುಕೊಂಡು ಬರಬೇಡ.

ನಿನ್ನ,
ಲೆಕ್ಕ ಹಾಕುವ ಗೆಳೆಯ